ಎಂಟುನೂರನ್ನು ಮಾರೋದಾ, ಇಟ್ಟುಕೊಳ್ಳೋದಾ?

ಹದಿನೈದು ವರ್ಷ ದಾಟಿದ ಗಾಡಿಯನ್ನು ಸರ್ಕಾರದವರು ಹಿಡಿದು ಗುಜರಿಗೆ ಹಾಕುತ್ತಾರಂತೆ, ಹೌದಾ? ಹೊಸೂರು, ಕೆಲಮಂಗಲ, ರಾಯಕೋಟೆ ಕಡೆ ಹಳೆ ಕಾರು ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಮೊದಲು ಇದನ್ನು ಇತ್ಯರ್ಥ ಮಾಡಿ ಮುಂದೆ ಹೋಗೋಣ. ಆ ನಿಯಮ ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯದ್ದು. ಅಲ್ಲಿನ ಗಾಳಿ ಉಸಿರಾಡುವಂತಿಲ್ಲ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗೂ ಹದಿನೈದು ಮೀರಿದ ಪೆಟ್ರೋಲ್ ಗಾಡಿಗೂ ತಡೆ ಹಾಕಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲೂ ಅಲ್ಲಿ ಅದರ ಮೇಲೆ ಜಗ್ಗಾಟ ನಡೆದೇ ಇದೆ. ಆದರೆ ತಮಿಳುನಾಡಿನಲ್ಲಾಗಲಿ, ಗಡಿಯಾಚೆಯ ಕರ್ನಾಟಕದಲ್ಲಾಗಲಿ ಮನೆಬಳಕೆಯ ಕಾರಿಗೆ ಅಂಥ ಗಡುವು ಇಲ್ಲ. ವಾಟ್ಸ್ಆ್ಯಪ್ ನೋಡಿ ಹೆದರಿ ಬ್ರೋಕರ್ ಕೈಗೆ ಬೀಗದ ಕೈ ಕೊಟ್ಟವರನ್ನು ನಾನು ಬಲ್ಲೆ.

ನಮ್ಮ ಕಡೆಯ ಲೆಕ್ಕ ಸರಳ. ಹೊಸ ಕಾರಿನ ನೋಂದಣಿ ಹದಿನೈದು ವರ್ಷ ನಡೆಯುತ್ತದೆ. ಆಮೇಲೆ ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು ಬ್ರೇಕ್ ಇನ್‌ಸ್ಪೆಕ್ಟರ್‌ಗೆ ತೋರಿಸಿ, ಹೊಗೆ ಸರ್ಟಿಫಿಕೇಟು, ಇನ್ಶೂರೆನ್ಸು ಎಲ್ಲ ಸರಿಯಿದ್ದರೆ, ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಳ್ಳಬಹುದು. ಜನ ಇದನ್ನೇ ‘ಎಫ್‌ಸಿ ಮಾಡಿಸೋದು’ ಅನ್ನುತ್ತಾರೆ. ಎಷ್ಟು ಸಲ ಬೇಕಾದರೂ ಮಾಡಿಸಬಹುದು, ಗಾಡಿ ಪಾಸಾಗಬೇಕು ಅಷ್ಟೆ. ಸರ್ಕಾರ ಹಳೆ ಗಾಡಿಯನ್ನು ಕಿತ್ತುಕೊಳ್ಳುತ್ತಿಲ್ಲ ನಿಜ, ಆದರೆ ಜೇಬಿಗೆ ಮೆಲ್ಲಗೆ ಚಿವುಟುತ್ತಿದೆ. 600 ರೂಪಾಯಿ ಇದ್ದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ ಅದನ್ನು 10,000ಕ್ಕೆ ಏರಿಸಿದರು. ಗಡುವು ತಪ್ಪಿಸಿದರೆ ತಿಂಗಳಿಗೆ 500ರಂತೆ ದಂಡ ಬೇರೆ. ಜೊತೆಗೆ ಹಸಿರು ತೆರಿಗೆ.

ಇನ್ನು ಕಾರಿನ ವಿಷಯ. ರಾಯಕೋಟೆಯಲ್ಲಿ ನನಗೆ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಪಾಠ ಮುಗಿದ ಮೇಲೆ ಟೊಮೆಟೊ ಹಿಡಿದವರು. ಅವರ ಮನೆಯಲ್ಲಿ 2004ರ ಮಾರುತಿ 800 ಇದೆ, ಬಿಳಿ ಬಣ್ಣದ್ದು. 2019ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ ಎಫ್‌ಸಿ ಆಗಿದೆ, ಮುಂದಿನದು 2029ಕ್ಕೆ. ಬೆಂಗಳೂರಿನಲ್ಲಿರುವ ಮಗಳು ಅದನ್ನು ಮಾರಿ ಹೊಸದು ತಗೊಳ್ಳಿ ಎಂದು ಬೆನ್ನು ಹತ್ತಿದ್ದಾಳೆ. ಮೇಷ್ಟ್ರದು ಒಂದೇ ಉತ್ತರ: ‘ಇದು ಯಾವತ್ತಾದರೂ ನನ್ನ ದಾರಿಯಲ್ಲಿ ಕೈಬಿಟ್ಟಿದೆಯಾ ಹೇಳಮ್ಮ.’ ಇಬ್ಬರ ಮಾತಿನಲ್ಲೂ ಹುರುಳಿದೆ. ಇಂಥ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಕಾರು 800 ಇರಬಹುದು, ಝೆನ್ ಇರಬಹುದು, ಸ್ಯಾಂಟ್ರೊ ಇರಬಹುದು, ವಾದ ಮಾತ್ರ ಇದೇ.

ದುಡ್ಡಿನ ಲೆಕ್ಕದಲ್ಲಿ ಮೇಷ್ಟ್ರು ಗೆಲ್ಲುತ್ತಾರೆ. ಅದೂ ಭಾರೀ ಅಂತರದಿಂದ. ಹಳೆ ಗಾಡಿಗೆ ರಿಪೇರಿ ಖರ್ಚು ಜಾಸ್ತಿ ಎನ್ನುವವರು ಹೊಸ ಗಾಡಿಯ ದೊಡ್ಡ ಖರ್ಚನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆ ಖರ್ಚಿಗೆ ಬಿಲ್ ಬರುವುದಿಲ್ಲ, ಅದಕ್ಕೇ ಯಾರಿಗೂ ಕಾಣುವುದಿಲ್ಲ. ಇನ್ಶೂರೆನ್ಸ್ ಕಂಪನಿಗಳು ಕಾರಿನ ಬೆಲೆ ಇಳಿಸುವ ಪಟ್ಟಿಯನ್ನೇ ನೋಡಿ: ಮೊದಲ ವರ್ಷ ತುಂಬುವಷ್ಟರಲ್ಲಿ ಶೇ 15, ಎರಡನೇ ವರ್ಷಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಆರು ಲಕ್ಷದ ಕಾರು ಐದು ವರ್ಷದಲ್ಲಿ ಮೂರು ಲಕ್ಷದ್ದಾಗುತ್ತದೆ. ಅಂದರೆ ವರ್ಷಕ್ಕೆ 60,000, ತಿಂಗಳಿಗೆ 5,000 ರೂಪಾಯಿ ನಿಂತಲ್ಲೇ ಕರಗುತ್ತದೆ. ಅದರ ಮೇಲೆ ಸಾಲದ ಬಡ್ಡಿ, ತುಂಬು ವಿಮೆ, ಆಜೀವ ರಸ್ತೆ ತೆರಿಗೆ. ತಮಿಳುನಾಡಿನಲ್ಲಿ 2023ರ ನವೆಂಬರ್‌ನಿಂದ ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಆ ತೆರಿಗೆ ಶೇ 13. ಕರ್ನಾಟಕದಲ್ಲಿ ಶೇ 14, ಮೇಲೆ ಸೆಸ್.

ಎಂಟುನೂರಿನ ಬೆಲೆ ಇಳಿಯುವಷ್ಟು ಇಳಿದು ತಳ ಮುಟ್ಟಿದೆ, ಇನ್ನು ಇಳಿಯಲು ಜಾಗವಿಲ್ಲ. ಸಾವಿರ ಸಿಸಿಯೊಳಗಿನ ಕಾರಿಗೆ ಥರ್ಡ್ ಪಾರ್ಟಿ ವಿಮೆ 2022ರ ಜೂನ್‌ನಲ್ಲಿ ನಿಗದಿಯಾದಂತೆ ವರ್ಷಕ್ಕೆ 2,094 ರೂಪಾಯಿ, ತೆರಿಗೆ ಬೇರೆ. ಗಾಡಿ ಎಷ್ಟು ಹಳೆಯದಾದರೂ ಅಷ್ಟೇ. 2029ರಲ್ಲಿ ಮೇಷ್ಟ್ರು ಕಟ್ಟಬೇಕಾದ ಹತ್ತು ಸಾವಿರವನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಎರಡು ಸಾವಿರ. ಕ್ಲಚ್ ಪ್ಲೇಟು, ಬ್ಯಾಟರಿ, ಟೈರು ಎಲ್ಲ ಒಂದೇ ವರ್ಷ ಬಂದರೂ ಅರವತ್ತು ಸಾವಿರ ಮುಟ್ಟುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಸೆಸ್ ಸೇರಿ ಶೇ 29 ಇದ್ದದ್ದು 18ಕ್ಕೆ ಇಳಿಯಿತಲ್ಲ ಎಂದು ಮಗಳು ಹೇಳುತ್ತಾಳೆ. ಇಳಿದದ್ದು ಒಳ್ಳೆಯದೇ. ಹೇಗೂ ಕೊಳ್ಳಲೇಬೇಕಾದವರಿಗೆ ಅದು ಲಾಭ. ಬೇಡದವರಿಗೆ ಅದೇನು ಲಾಭ? ರಿಯಾಯಿತಿ ಇದೆ ಎಂದು ಸೀರೆ ಕೊಂಡ ಹಾಗಾಯಿತು.

ದುಡ್ಡಿನ ಮಾತು ಇಷ್ಟಕ್ಕೇ ಮುಗಿಯುತ್ತದೆ. ಆದರೆ ಕಾರನ್ನು ದುಡ್ಡಿಗಾಗಿ ಇಟ್ಟುಕೊಳ್ಳುವವರೂ ಕಡಿಮೆ, ದುಡ್ಡಿಗಾಗಿ ಮಾರುವವರೂ ಕಡಿಮೆ.

ಮಾರುತಿ 800 ಮೊದಲು ಮಾರಾಟವಾದದ್ದು 1983ರ ಡಿಸೆಂಬರ್‌ನಲ್ಲಿ. ಇಂದಿರಾ ಗಾಂಧಿ ಮೊದಲ ಗಿರಾಕಿಗೆ ಬೀಗದ ಕೈ ಕೊಟ್ಟರು. 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ದೇಶದೊಳಗೇ 26 ಲಕ್ಷಕ್ಕೂ ಹೆಚ್ಚು ಮಾರಾಟವಾದ ಗಾಡಿ. ಮೂರು ಸಿಲಿಂಡರಿನ 796 ಸಿಸಿ ಇಂಜಿನ್ನು, ಹನ್ನೆರಡು ಅಂಗುಲದ ಪುಟ್ಟ ಚಕ್ರ, ಆರೂವರೆ ಕ್ವಿಂಟಲ್ ತೂಕ. ಇಷ್ಟು ಹಗುರ ಇರುವುದರಿಂದಲೇ ಅದು ಹಳ್ಳಿ ದಾರಿಗೆ ಹೇಳಿಮಾಡಿಸಿದಂತಿದೆ. ಕೆಸರಿನಲ್ಲಿ ಹೂತರೆ ನಾಲ್ಕು ಜನ ಹಿಂದಿನಿಂದ ಎತ್ತಿ ಪಕ್ಕಕ್ಕೆ ಇಡಬಹುದು. ಹಿಂದಿನ ಸೀಟು ಮಡಿಚಿದರೆ ಟೊಮೆಟೊ ಕ್ರೇಟು ಕೂರುತ್ತದೆ. ಮೇಷ್ಟ್ರ ಗಾಡಿಯಲ್ಲಿ ಥರ್ಡ್‌ನಿಂದ ಸೆಕೆಂಡ್‌ಗೆ ಇಳಿಸುವಾಗ, ಅದೂ ಬೆಳಗಿನ ಚಳಿಯಲ್ಲಿ, ಕರಕ್ ಎನ್ನುತ್ತದೆ. ಗೇರ್‌ಬಾಕ್ಸ್ ಒಳಗೆ ಎರಡು ಗೇರುಗಳ ವೇಗ ಸರಿತೂಗಿಸುವ ಹಿತ್ತಾಳೆ ಉಂಗುರ ಸವೆದಿದೆ. ಅವರು ಗೇರನ್ನು ನ್ಯೂಟ್ರಲ್‌ಗೆ ತಂದು, ಒಂದು ಕ್ಷಣ ತಡೆದು, ಕಾಲಲ್ಲಿ ಎಕ್ಸಲೇಟರ್ ಸ್ವಲ್ಪ ತಟ್ಟಿ, ಆಮೇಲೆ ಸೆಕೆಂಡ್‌ಗೆ ಎಳೆಯುತ್ತಾರೆ. ಸದ್ದಿಲ್ಲದೆ ಕೂರುತ್ತದೆ. ಅಳಿಯ ಓಡಿಸಿದರೆ ಕರಕ್ ಅನ್ನುವುದು ತಪ್ಪಿದ್ದಲ್ಲ, ಆಗ ಮೇಷ್ಟ್ರ ಮುಖ ನೋಡಬೇಕು.

ಈ ಗಾಡಿ ಕೈಬಿಟ್ಟಿಲ್ಲ ಎಂದು ಅವರು ಹೇಳುವಾಗ ಅರ್ಧ ಸತ್ಯ ಮಾತ್ರ ಹೇಳುತ್ತಿದ್ದಾರೆ. ಕೈಬಿಡದೆ ಇರುವುದು ಅವರ ಮೇಸ್ತ್ರಿ. ಉದ್ದನಪಲ್ಲಿ ರಸ್ತೆಯ ಶೆಡ್ಡಿನಲ್ಲಿ ಕೂರುವ ಆ ಮನುಷ್ಯ ತೆಲುಗಿನಲ್ಲಿ ಬೈದು, ತಮಿಳಿನಲ್ಲಿ ದುಡ್ಡು ಹೇಳಿ, ಕನ್ನಡದಲ್ಲಿ ಸಮಾಧಾನ ಮಾಡುವವನು. ಗಡಿಸೀಮೆಯ ಗ್ಯಾರೇಜುಗಳೆಲ್ಲ ಹಾಗೆಯೇ. ಕ್ಲಚ್ ಒತ್ತಿದಾಗ ಕೀರಲು ಸದ್ದು ಬಂದರೆ ರಿಲೀಸ್ ಬೇರಿಂಗು, ಒತ್ತಿದಾಗ ಸದ್ದು ನಿಂತು ಬಿಟ್ಟಾಗ ಬಂದರೆ ಗೇರ್‌ಬಾಕ್ಸ್ ಬೇರಿಂಗು: ಬಾನೆಟ್ ಎತ್ತದೆಯೇ ಹೇಳಿಬಿಡುತ್ತಾನೆ. ‘ಮೇಷ್ಟ್ರೇ, ಇನ್ನೊಂದು ಬೆಳೆ ತಡೆಯುತ್ತೆ, ಆಮೇಲೆ ಗೇರ್‌ಬಾಕ್ಸ್ ಇಳಿಸೋಣ’ ಎಂದರೆ ತಡೆಯುತ್ತದೆ. ಕಂಪ್ಯೂಟರಿಗೆ ಸಿಕ್ಕಿಸಿ ನೋಡುವ ಷೋರೂಮಿನಲ್ಲಿ ಈ ಮಾತು ಸಿಗುವುದಿಲ್ಲ. ಅಲ್ಲಿ ಸಿಗುವುದು ಎಸ್ಟಿಮೇಟು.

ಅವನಿಗೂ ಈಗ ಅರವತ್ತು ಸಮೀಪಿಸಿದೆ. ಕೈಕೆಳಗೆ ಹುಡುಗರಿಲ್ಲ. ಯಾಕಿರುತ್ತಾರೆ? ಐಟಿಐ ಮುಗಿಸಿದ ಹುಡುಗರಿಗೆ ಹೊಸೂರಿನಲ್ಲಿ ಅಶೋಕ್ ಲೇಲ್ಯಾಂಡ್ ಇದೆ, ಟಿವಿಎಸ್ ಇದೆ, 2021ರಲ್ಲಿ ಏಥರ್‌ನವರ ಎಲೆಕ್ಟ್ರಿಕ್ ಸ್ಕೂಟರ್ ಕಾರ್ಖಾನೆ ಬಂತು. ಜಿಲ್ಲೆಯ ಆಚೆ ತುದಿಯ ಪೋಚಂಪಳ್ಳಿಯಲ್ಲಿ ಓಲಾದವರದು. ದೇಶಕ್ಕೆಲ್ಲ ಹೊಸ ಗಾಡಿ ಮಾಡಿ ಕೊಡುವ ಸೀಮೆಯಲ್ಲಿ ಹಳೆ ಗಾಡಿಯ ಕೈಕೆಲಸ ಕಲಿಯುವವರು ಇಲ್ಲವಾಗುತ್ತಿದ್ದಾರೆ. ಬಿಡಿಭಾಗದ ಚಿಂತೆ ಅಷ್ಟಿಲ್ಲ. ಇದೇ 796 ಸಿಸಿ ಇಂಜಿನ್ನಿನ ಓಮ್ನಿ 2019ರವರೆಗೂ ತಯಾರಾಯಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳು, ಶಿವಾಜಿನಗರದ ಗುಜರಿ ಸಾಲು ಇರುವಷ್ಟು ದಿನ ಇಂಜಿನ್ ಸಾಮಾನು ಸಿಗುತ್ತದೆ. ಡ್ಯಾಷ್‌ಬೋರ್ಡು, ಬಾಗಿಲಿನ ರಬ್ಬರು, ಬಂಪರಿನಂಥವು ಕಷ್ಟ. ಆದ್ದರಿಂದ ನಿಮ್ಮ ಹಳೆ ಕಾರಿಗೆ ಇನ್ನೆಷ್ಟು ಆಯುಷ್ಯ ಎಂದು ತಿಳಿಯಬೇಕಾದರೆ ನಿಮ್ಮ ಮೇಸ್ತ್ರಿ ಇನ್ನೆಷ್ಟು ವರ್ಷ ಶೆಡ್ಡು ತೆಗೆಯುತ್ತಾನೆ ಎಂದು ಕೇಳಿ.

ಒಂದು ಮಾತು ತುಕ್ಕಿನ ಬಗ್ಗೆ. ಇಂಜಿನ್ನನ್ನು ಎಷ್ಟು ಸಲ ಬೇಕಾದರೂ ಇಳಿಸಿ ಕಟ್ಟಬಹುದು. ಆದರೆ ಇಂಥ ಕಾರುಗಳಿಗೆ ಲಾರಿಗಿರುವಂಥ ಪ್ರತ್ಯೇಕ ಚಾಸಿ ಇರುವುದಿಲ್ಲ, ತಗಡಿನ ಗೂಡೇ ಮೈಯೂ ಹೌದು ಮೂಳೆಯೂ ಹೌದು. ಅದು ತಿಂದುಹೋದರೆ ಕಥೆ ಮುಗಿದಂತೆ. ರಾಯಕೋಟೆಯ ಹವೆ ಒಣಹವೆ, ಕರಾವಳಿಯಂತೆ ಉಪ್ಪುಗಾಳಿ ಇಲ್ಲ. ಮೇಷ್ಟ್ರ ಗಾಡಿಗೆ ತುಕ್ಕು ಬಂದದ್ದು ಬೇರೆ ದಾರಿಯಲ್ಲಿ. ಒಡೆದ ಟೊಮೆಟೊ ಹಣ್ಣಿನ ಹುಳಿನೀರು ಮ್ಯಾಟಿನ ಕೆಳಗೆ ಇಳಿದು ಹಿಂದಿನ ನೆಲದ ತಗಡನ್ನು ತಿಂದಿತ್ತು. ಮ್ಯಾಟು ಎತ್ತಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿದರೆ ಗೊತ್ತಾಗುತ್ತದೆ. ಗಟ್ಟಿಯಾಗಿ ಟಣ್ ಎಂದರೆ ಚಿಂತೆಯಿಲ್ಲ. ಒಳಗೆ ಇಳಿದರೆ, ಅದರಲ್ಲೂ ಜಾಕ್ ಕೊಡುವ ಜಾಗದಲ್ಲಿ ಅಥವಾ ಬಾನೆಟ್ ಕೆಳಗೆ ಶಾಕ್ ಅಬ್ಸಾರ್ಬರ್ ಕೂರುವ ಜಾಗದಲ್ಲಿ ಇಳಿದರೆ, ಪುಟ್ಟಿ ಮೆತ್ತಿ ಪೇಂಟ್ ಹೊಡೆಸುವ ಕೆಲಸಕ್ಕೆ ಹೋಗಬೇಡಿ.

ಈಚೆಗೆ ಇನ್ನೊಂದು ಹೆದರಿಕೆ ಸೇರಿಕೊಂಡಿದೆ: ಶೇ 20 ಎಥನಾಲ್ ಬೆರೆಸಿದ ಪೆಟ್ರೋಲು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಇದಕ್ಕೆ ಚಾಲನೆ ಕೊಟ್ಟರು. ಈಗ ಬಂಕಿನಲ್ಲಿ ಬೇರೆ ಆಯ್ಕೆ ಇಲ್ಲ ಎನ್ನುವಷ್ಟು ಹರಡಿದೆ. ಎಥನಾಲ್‌ನಲ್ಲಿ ಪೆಟ್ರೋಲಿನ ಮೂರನೇ ಎರಡರಷ್ಟೇ ಕಸುವು ಇರುವುದು. ಹಾಗಾಗಿ ಮೈಲೇಜ್ ಇಳಿಯಲೇಬೇಕು. ಹಳೆ ಗಾಡಿಗಳಲ್ಲಿ ಶೇ 3ರಿಂದ 6ರಷ್ಟು ಇಳಿಯಬಹುದು ಎಂದು ಸರ್ಕಾರವೇ ಒಪ್ಪಿದೆ. ಹದಿನೇಳು ಕೊಡುತ್ತಿದ್ದ ಗಾಡಿ ಹದಿನಾರು ಕೊಟ್ಟೀತು. ಅದಕ್ಕೆ ಕಾರು ಮಾರಬೇಕಿಲ್ಲ. ಹಳೆಯ ರಬ್ಬರ್ ಪೈಪು, ವಾಷರುಗಳನ್ನು ಎಥನಾಲ್ ಉಬ್ಬಿಸುತ್ತದೆ, ಬಿರುಕು ಬಿಡಿಸುತ್ತದೆ. ಟ್ಯಾಂಕಿನ ತಳದ ಕೊಳೆ ಕಿತ್ತು ಫಿಲ್ಟರಿಗೆ ತುಂಬುತ್ತದೆ. ಇದಕ್ಕೆ ಮದ್ದು ಅಗ್ಗದ್ದು: ಪೆಟ್ರೋಲ್ ಪೈಪುಗಳನ್ನೂ ಫಿಲ್ಟರನ್ನೂ ಒಮ್ಮೆ ಹೊಸದು ಹಾಕಿಸಿ. ಕಾರ್ಬ್ಯುರೇಟರ್ ಕಾಲದ ಗಾಡಿಗೆ ತೊಂದರೆ ಹೆಚ್ಚು. 2004ರ ಎಂಪಿಎಫ್‌ಐ ಗಾಡಿ ಸೈಲೆನ್ಸರಿನ ಸೆನ್ಸರ್ ನೋಡಿಕೊಂಡು ತಾನೇ ಸ್ವಲ್ಪ ಹೊಂದಿಕೊಳ್ಳುತ್ತದೆ. ನಿಜವಾಗಿ ಕೆಡುವುದು ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಕಡೆಗೆ ನೀರಿನ ಸಮೇತ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪ್ರೀತಿಯಿಂದ ಹೊದಿಕೆ ಹೊದಿಸಿ ಶೆಡ್ಡಿನಲ್ಲಿ ನಿಲ್ಲಿಸುವುದೇ ಹಳೆ ಕಾರಿಗೆ ಮಾಡುವ ದೊಡ್ಡ ಅನ್ಯಾಯ.

ಇನ್ನು ಮೇಷ್ಟ್ರಿಗೆ ಎಡಮಂಡಿಯ ನೋವೂ ಇದೆ, ಅದು ಬೇರೆಯೇ ವಿಷಯ. ರಾಯಕೋಟೆಯಲ್ಲಿ, ತೋಟಕ್ಕೆ, ಮಂಡಿಗೆ ಓಡಾಡುವಾಗ ಕ್ಲಚ್ ಒತ್ತುವುದು ಲೆಕ್ಕಕ್ಕೇ ಬರುವುದಿಲ್ಲ. ಅತ್ತಿಬೆಲೆ ದಾಟಿ ಚಂದಾಪುರ, ಬೊಮ್ಮಸಂದ್ರ ಎಂದು ಹೋದರೆ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಅರ್ಧ ಕ್ಲಚ್‌ನಲ್ಲೇ ತೆವಳಬೇಕು. ಕಾಲೂ ಸೋಲುತ್ತದೆ, ಪ್ಲೇಟೂ ಸವೆಯುತ್ತದೆ. ಮಗಳ ಸಲಹೆ ಆಟೊಮ್ಯಾಟಿಕ್. ಅಗ್ಗದ ಆಟೊಮ್ಯಾಟಿಕ್ ಎಂದು ಮಾರುವ ಎಎಂಟಿ ಗಾಡಿಗಳು ನಮ್ಮಲ್ಲಿ ಶುರುವಾದದ್ದು 2014ರ ಫೆಬ್ರುವರಿಯ ಸೆಲೆರಿಯೊದಿಂದ. ಎಂಟುನೂರು ನಿಂತ ಮರುತಿಂಗಳೇ. ಅದರೊಳಗೂ ಇರುವುದು ಹಳೆಯ ಗೇರ್‌ಬಾಕ್ಸು, ಹಳೆಯ ಕ್ಲಚ್ಚೇ. ನಿಮ್ಮ ಕಾಲೂ ಕೈಯೂ ಮಾಡುತ್ತಿದ್ದ ಕೆಲಸವನ್ನು ಒಂದು ಯಂತ್ರದ ಕೈ ಮಾಡುತ್ತದೆ, ಕಂಪ್ಯೂಟರ್ ಅಪ್ಪಣೆ ಕೊಡುತ್ತದೆ. ಗೇರ್ ಬದಲಿಸುವಾಗ ತಲೆದೂಗಿದಂತೆ ಒಂದು ತಡೆತ ಇರುತ್ತದೆ. ಟಾರ್ಕ್ ಕನ್ವರ್ಟರ್, ಸಿವಿಟಿಗಳಲ್ಲಿ ಆ ತಡೆತ ಇಲ್ಲ, ಬೆಲೆ ಜಾಸ್ತಿ. ಮಂಡಿನೋವು ನಿಜವಾಗಿ ಇದ್ದವರು ಆಟೊಮ್ಯಾಟಿಕ್‌ಗೆ ಹೋಗುವುದರಲ್ಲಿ ನಾಚಿಕೆಯೇನೂ ಇಲ್ಲ. ‘ಗೇರ್ ಹಾಕಿ ಓಡಿಸೋದೇ ಡ್ರೈವಿಂಗು’ ಎನ್ನುವ ಗಂಡಸುತನಕ್ಕೆ ಆಸ್ಪತ್ರೆಯ ಬಿಲ್ ಕಟ್ಟಬೇಕಾಗಿಲ್ಲ. ಆದರೆ ವರ್ಷಕ್ಕೆ ನಾಲ್ಕು ಸಲದ ಬೆಂಗಳೂರು ಪ್ರಯಾಣಕ್ಕಾಗಿ ಕಾರು ಬದಲಿಸುವುದೂ ಅತಿಯೇ. 2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ಮೆಟ್ರೊ ಬೊಮ್ಮಸಂದ್ರದವರೆಗೂ ಬಂದಿದೆ. ಕಾಲು ಸೋಲಿಸುವ ಅಲ್ಲಿಂದಾಚೆಯ ದಾರಿಯನ್ನು ಅದು ತಪ್ಪಿಸುತ್ತದೆ. ರಾಯಕೋಟೆಗೆ ರೈಲೂ ಇದೆ, ಬೆಂಗಳೂರು–ಸೇಲಂ ದಾರಿಯದ್ದು.

ಇಷ್ಟೆಲ್ಲ ಆದ ಮೇಲೂ ನಾನು ಮಗಳ ಪಕ್ಷ ಹಿಡಿಯುತ್ತೇನೆ. ಕಾರಣ ಆ ಊರಿನ ರಸ್ತೆ.

ರಾಯಕೋಟೆ ಯಾವತ್ತೂ ದಾರಿಯ ಊರೇ. ಮೈಸೂರಿನ ಎತ್ತರದ ಸೀಮೆಯಿಂದ ಕೆಳಗಿನ ಬಾರಾಮಹಲ್ ಬಯಲಿಗೆ ಇಳಿಯುವ ಕಣಿವೆಯ ಕಾವಲಿಗೆ ಅಲ್ಲಿ ಬಂಡೆಯ ಮೇಲೆ ಕೋಟೆ ಕಟ್ಟಿದರು. 1791ರ ಜುಲೈನಲ್ಲಿ ಬ್ರಿಟಿಷರ ಮೇಜರ್ ಗೌಡಿ ಅದನ್ನು ಟಿಪ್ಪುವಿನ ಸೈನ್ಯದಿಂದ ಕಿತ್ತುಕೊಂಡ. 1799ರ ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟ ಜನರಲ್ ಹ್ಯಾರಿಸ್‌ನ ದಂಡು ಹಾದದ್ದೂ ಇದೇ ದಾರಿಯಲ್ಲಿ, ಎತ್ತಿನ ವೇಗದಲ್ಲಿ. ಮೇಷ್ಟ್ರು ಕಾರು ಕೊಂಡ ಕಾಲಕ್ಕೂ ಹೊಸೂರು ದಾರಿ ಕಿರಿದಾದ ರಸ್ತೆ. ಎದುರಿಗೆ ಬಸ್ಸು ಬಂದರೆ ಎಡಚಕ್ರ ಮಣ್ಣಿಗೆ ಇಳಿಯಲೇಬೇಕು. ನಲವತ್ತೈದು ಐವತ್ತರ ಮೇಲೆ ಓಡಿಸಿದವನು ಪೋಕರಿ ಎನಿಸಿಕೊಳ್ಳುತ್ತಿದ್ದ. ಆ ರಸ್ತೆಗೆ ಎಂಟುನೂರು ಸಾಕಷ್ಟೇ ಅಲ್ಲ, ಬೆಸ್ಟು.

ಈಚಿನ ವರ್ಷಗಳಲ್ಲಿ ಧರ್ಮಪುರಿ ಬಳಿಯ ಅಧಿಯಮಾನ್‌ಕೋಟೆಯಿಂದ ಪಾಲಕೋಡು, ರಾಯಕೋಟೆ, ಉದ್ದನಪಲ್ಲಿ ಕಡೆಗಳಲ್ಲಿ ಹಾದು ಹೊಸೂರಿಗೆ ಬರುವ ರಾಷ್ಟ್ರೀಯ ಹೆದ್ದಾರಿ 844ನ್ನು ಚತುಷ್ಪಥ ಮಾಡುತ್ತ ಬಂದಿದ್ದಾರೆ. ರಾಜಾಜಿ ಹುಟ್ಟಿದ ತೊರಪಳ್ಳಿಯ ಪಕ್ಕದಲ್ಲೇ ಹಾದುಹೋಗುವ ರಸ್ತೆ. ನಡುವೆ ಡಿವೈಡರ್ ಇರುವ ಚತುಷ್ಪಥದಲ್ಲಿ ಕಾರಿಗೆ ಕೇಂದ್ರ ಸರ್ಕಾರ ಹಾಕಿರುವ ಮಿತಿ ಗಂಟೆಗೆ 100 ಕಿ.ಮೀ. ರಸ್ತೆ ನುಣುಪಾದ ಕೂಡಲೇ ಎಲ್ಲರ ವೇಗ ಏರಿದೆ. ಅದೇ ರಸ್ತೆಯಲ್ಲಿ ತೋಟಕ್ಕೆ ಹೋಗುವ ಟ್ರ್ಯಾಕ್ಟರ್ ಎದುರುದಿಕ್ಕಿನಲ್ಲಿ ಬರುತ್ತದೆ, ಲೋಡಾದ ಲಾರಿ ಲೈಟಿಲ್ಲದೆ ಬದಿಯಲ್ಲಿ ನಿಂತಿರುತ್ತದೆ. ಮೇಷ್ಟ್ರು ಐವತ್ತರಲ್ಲಿ ಹೋದರೆ ಹಿಂದಿನಿಂದ ಬರುವವನಿಗೆ ಅವರೇ ಅಡ್ಡ. ಎಂಬತ್ತರಲ್ಲಿ ಹೋದರೆ ಆ ಮೂರು ಸಿಲಿಂಡರ್ ಕಿರುಚುತ್ತದೆ, ಲಾರಿ ಪಕ್ಕದಲ್ಲಿ ಹಾದಾಗ ಗಾಳಿಗೇ ಗಾಡಿ ತುಯ್ಯುತ್ತದೆ.

ಅಪಘಾತದಲ್ಲಿ ಮೈಮೇಲೆ ಬೀಳುವ ಹೊಡೆತ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಮೇಷ್ಟ್ರೇ ಕ್ಲಾಸಿನಲ್ಲಿ ಹೇಳಿಕೊಟ್ಟ ಪಾಠ: ನಲವತ್ತೈದು ತೊಂಬತ್ತಾದರೆ ಹೊಡೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅದನ್ನು ತಡೆಯಲು ಎಂಟುನೂರಿನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಗುದ್ದಿದಾಗ ಮುಂಭಾಗ ಮಡಿಚಿಕೊಂಡು ಒಳಗಿನವರನ್ನು ಉಳಿಸುವಂತೆ ಕಟ್ಟಿದ ಗೂಡೂ ಅಲ್ಲ. 2014ರ ಜನವರಿಯಲ್ಲಿ, ಎಂಟುನೂರು ನಿಂತ ಅದೇ ತಿಂಗಳು, ಗ್ಲೋಬಲ್ ಎನ್‌ಸ್ಯಾಪ್ ಸಂಸ್ಥೆ ಭಾರತದಲ್ಲಿ ಮಾರುತ್ತಿದ್ದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿತು. ಏರ್‌ಬ್ಯಾಗ್ ಇಲ್ಲದ ಐದಕ್ಕೂ ಸೊನ್ನೆ. ಅವು ಎಂಟುನೂರಿಗಿಂತ ಹೊಸ ವಿನ್ಯಾಸದವು. ಆಮೇಲೆಯೇ ನಮ್ಮಲ್ಲಿ ನಿಯಮ ಬಿಗಿಯಾದದ್ದು. 2019ರಲ್ಲಿ ಎಬಿಎಸ್, ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾದವು. 2021ರ ಕೊನೆಯ ಹೊತ್ತಿಗೆ ಮುಂದಿನ ಇಬ್ಬರಿಗೂ ಏರ್‌ಬ್ಯಾಗ್ ಬಂತು. ಮೇಸ್ತ್ರಿ ಎಷ್ಟು ನಿಪುಣನಾದರೂ ಇವನ್ನು ಹಳೆ ಗಾಡಿಗೆ ಕೂರಿಸಲಾರ. ತುಕ್ಕು ತಿಂದ ಮೈ ಬಿಟ್ಟರೆ, ರಿಪೇರಿ ಮಾಡಿಸಿ ಸರಿಮಾಡಿಕೊಳ್ಳಲಾಗದ ಕೊರತೆ ಇದೊಂದೇ.

ಹಾಗಾಗಿ ಪ್ರಶ್ನೆಯನ್ನು ಕಾರಿಗೆ ಕೇಳುವ ಬದಲು ನಿಮ್ಮ ಓಡಾಟಕ್ಕೆ ಕೇಳಿ. ಊರೊಳಗೆ, ತೋಟ, ಮಂಡಿ, ಬ್ಯಾಂಕು ಅಷ್ಟೇ ಆದರೆ ಎಂಟುನೂರನ್ನು ಇನ್ನೊಂದು ಎಫ್‌ಸಿಯವರೆಗೆ ಧೈರ್ಯವಾಗಿ ಓಡಿಸಿ. ಅದನ್ನು ಮಾರಿ ಸಾಲ ಮಾಡುವುದು ದಡ್ಡತನ. ಹೆದ್ದಾರಿಗೆ ಅಪರೂಪಕ್ಕೆ ಹೋಗುವವರು ಟ್ಯಾಕ್ಸಿ ಮಾಡಿ. ಹೊಸ ಕಾರಿನಲ್ಲಿ ತಿಂಗಳಿಗೆ ಕರಗುವ ಐದು ಸಾವಿರದಲ್ಲಿ ಬೆಂಗಳೂರಿಗೆ ಹೋಗಿ ಬಂದೂ ಮಿಗುತ್ತದೆ. ಆದರೆ ವಾರವಾರವೂ ಹೊಸೂರಿನ ಹೆದ್ದಾರಿ, ಹಿಂದಿನ ಸೀಟಿನಲ್ಲಿ ಮೊಮ್ಮಕ್ಕಳು, ರಾತ್ರಿ ವಾಪಸು ಬರುವ ರೂಢಿ, ಇವೆಲ್ಲ ಇದ್ದರೆ ಬದಲಿಸಿ. ಮೇಷ್ಟ್ರ ಮನೆಯಲ್ಲಿ ಹೆಚ್ಚುಕಡಿಮೆ ಹೀಗೇ ಇದೆ. ಅದಕ್ಕೇ ನನ್ನ ವೋಟು ಮಗಳಿಗೆ.

ಬದಲಿಸುವಾಗಲೂ ಹೊಚ್ಚಹೊಸದೇ ಆಗಬೇಕಿಲ್ಲ. 2022ರಲ್ಲೋ ಆಮೇಲೋ ತಯಾರಾದ ಸೆಕೆಂಡ್ ಹ್ಯಾಂಡ್ ಕಾರು ನೋಡಿ. ಎರಡು ಏರ್‌ಬ್ಯಾಗ್, ಎಬಿಎಸ್ ಇದ್ದೇ ಇರುತ್ತವೆ, ಬೆಲೆ ಕರಗುವ ಕಷ್ಟವನ್ನು ಮೊದಲಿನವನು ಅನುಭವಿಸಿ ಆಗಿರುತ್ತದೆ. ಮ್ಯಾನ್ಯುಯಲ್ ಬೇಕೆಂದವರಿಗೆ ಮ್ಯಾನ್ಯುಯಲ್ಲೂ ಸಿಗುತ್ತದೆ. ಬೆಂಗಳೂರಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೆಎ ನಂಬರಿನದನ್ನು ತಂದು ಹೊಸೂರಿನಲ್ಲಿ ಹಾಗೇ ಓಡಿಸಬೇಡಿ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿನ ನಂಬರು ಮಾಡಿಸಲೇಬೇಕೆಂದು ಕಾಯ್ದೆ ಹೇಳುತ್ತದೆ. ಎನ್‌ಒಸಿ, ತೆರಿಗೆ ಎಂದು ಓಡಾಡುವಷ್ಟರಲ್ಲಿ ಅಗ್ಗದ್ದು ದುಬಾರಿ ಆಗಿರುತ್ತದೆ.

ಇನ್ನು ಹಳೆಯದನ್ನು ಬಿಡುವ ಬಗೆ. ಗಾಡಿ ಗಟ್ಟಿಯಾಗಿದ್ದರೆ ಹಳ್ಳಿಯಲ್ಲೇ ಓಡಿಸುವವರಿಗೆ ಕೊಡಿ. ತುಕ್ಕು ತಿಂದದ್ದಾದರೆ ಸರ್ಕಾರದ ಮಾನ್ಯತೆ ಇರುವ ಸ್ಕ್ರ್ಯಾಪ್ ಕೇಂದ್ರಕ್ಕೇ ಕೊಡಿ. 2021ರ ನೀತಿಯಂತೆ ಅವರು ಕೊಡುವ ಠೇವಣಿ ಪ್ರಮಾಣಪತ್ರ ತೋರಿಸಿದರೆ ಹೊಸ ಕಾರಿನ ನೋಂದಣಿ ಶುಲ್ಕ ಮಾಫಿ. ರಸ್ತೆ ತೆರಿಗೆಯಲ್ಲೂ ಶೇ 25ರವರೆಗೆ ವಿನಾಯಿತಿ ಕೊಡಲು ರಾಜ್ಯಗಳಿಗೆ ಅವಕಾಶವಿದೆ. ಬ್ರೋಕರ್ ಬಂದು ಖಾಲಿ ಫಾರಂ 29, 30ರ ಮೇಲೆ ಸಹಿ ಹಾಕಿಸಿಕೊಂಡು, ಕೈಗೆ ದುಡ್ಡು ಇಟ್ಟು, ‘ಹೆಸರು ನಾವು ಬದಲಾಯಿಸ್ಕೊಳ್ತೀವಿ ಸಾರ್’ ಎಂದರೆ ಬೀಗದ ಕೈ ಕೊಡಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿದೆ. ಆ ಗಾಡಿ ಕೈಯಿಂದ ಕೈಗೆ ಹೋಗಿ, ಕೊನೆಗೆ ಯಾರೋ ಗುದ್ದಿದ್ದಕ್ಕೆ, ಎಂದೋ ಮಾರಿದವನು ಪರಿಹಾರ ಕಟ್ಟಬೇಕಾಗಿ ಬಂದ ಪ್ರಕರಣ ಅದು. ಮೇಷ್ಟ್ರಿಗೆ ನಾನು ಹೇಳಿರುವುದು ಇಷ್ಟೇ: ಕೊಳ್ಳುವವನನ್ನು ಜೊತೆಗೇ ಆರ್‌ಟಿಒ ಕಚೇರಿಗೆ ಕರೆದುಕೊಂಡು ಹೋಗಿ, ಅರ್ಜಿಯ ರಸೀದಿ ಇಸಿದುಕೊಳ್ಳಿ, ಗಾಜಿನ ಮೇಲಿನ ಫಾಸ್ಟ್ಯಾಗ್ ಮುಚ್ಚಿಸಿ, ಪರಿವಾಹನ್‌ನಲ್ಲಿ ಹೊಸ ಹೆಸರು ಕಂಡ ಮೇಲೆಯೇ ಎರಡನೇ ಬೀಗದ ಕೈ ಕೊಡಿ.